ಲಿಫ್ಟಿನವರ ಬಣ್ಣದ ಪರೀಕ್ಷೆ

ನಮ್ಮ ಕಾಲೇಜಿಗೆ ಸೇರಲು ಬರುವವರು ಮೊದಲು ನೋಡಬೇಕಾದದ್ದು ನನ್ನ ಮುಖ. ಆ ಮುಖ ನೋಡಿಯೂ ಇಷ್ಟು ಜನ ಸೇರುತ್ತಾರಲ್ಲ ಎಂದು ನನ್ನ ಗಂಡ ಆಶ್ಚರ್ಯಪಡುತ್ತಾರೆ. ವೈರಿಂಗ್, ವೆಲ್ಡಿಂಗ್, ಫ್ರಿಜ್ ರಿಪೇರಿ, ಲಿಫ್ಟ್ ರಿಪೇರಿ, ಹೊಲಿಗೆ, ರೋಗಿಗಳ ಆರೈಕೆ, ಹೀಗೆ ಒಂದೇ ವರ್ಷದಲ್ಲಿ ಕೈಗೊಂದು ಕಸುಬು ಹಚ್ಚಿ ಕಳಿಸುವ ಕಾಲೇಜು ನಮ್ಮದು. ಪ್ರವೇಶದ ಮೇಜಿನ ಹಿಂದೆ ನಾನು ಕೂತು ಹದಿನಾಲ್ಕು ವರ್ಷವಾಯಿತು. "ಇಲ್ಲಿ ಸಹಿ ಹಾಕಿ, ಅಲ್ಲಲ್ಲ, ಅದರ ಕೆಳಗೆ" ಎಂದು ನಿದ್ದೆಗಣ್ಣಲ್ಲೂ ಹೇಳುತ್ತೇನಂತೆ.

ವೈರು ಮುಟ್ಟುವ ಕೋರ್ಸುಗಳಿಗೆ ಒಂದು ಹೆಚ್ಚಿನ ಪರೀಕ್ಷೆ ಇದೆ. ಬಣ್ಣದ ಪರೀಕ್ಷೆ. ಕೆಂಪು ವೈರನ್ನು ಹಸಿರು ಅಂದುಕೊಳ್ಳುವವರ ಕೈಗೆ ಇಕ್ಕಳ ಕೊಡಲು ಆಗುವುದಿಲ್ಲವಲ್ಲ. ಅದಕ್ಕೊಂದು ಪುಸ್ತಕವಿದೆ, ಹನ್ನೆರಡು ಪುಟದ್ದು. ಪುಟದ ತುಂಬ ಬಣ್ಣಬಣ್ಣದ ಚುಕ್ಕಿಗಳು, ಅವುಗಳ ನಡುವೆ ಬೇರೆ ಬಣ್ಣದ ಚುಕ್ಕಿಗಳಿಂದ ಮೂಡಿದ ಒಂದು ಅಂಕಿ. ಬಣ್ಣ ಸರಿಯಾಗಿ ಕಾಣುವವರಿಗೆ ಅಂಕಿ ಎದ್ದು ಕಾಣುತ್ತದೆ. ಕಿಟಕಿಯ ಬೆಳಕಿನಲ್ಲಿ ಕೂರಿಸಿ, ಒಂದೊಂದು ಪುಟಕ್ಕೆ ಐದು ಎಣಿಸುವಷ್ಟು ಹೊತ್ತು ಕೊಡಬೇಕು. ನಾನು ಪುಸ್ತಕವನ್ನು ಎದುರಿನವರ ಕಡೆ ತಿರುಗಿಸಿ ಹಿಡಿದು, ನನ್ನ ಕಣ್ಣನ್ನು ಅರ್ಜಿಯ ಮೇಲಿಟ್ಟು, ಅವರು ಹೇಳಿದ ಅಂಕಿಗೆ ಗೀಟು ಹಾಕುತ್ತ ಹೋಗುತ್ತೇನೆ. ಹನ್ನೆರಡು, ಎಂಟು, ಐವತ್ತೇಳು, ಮೂರು, ನಲವತ್ತೈದು... ಉತ್ತರಗಳೆಲ್ಲ ನನಗೆ ಬಾಯಿಪಾಠ. ಪುಟಗಳನ್ನು ನಾನೇ ನೋಡಿ ಎಷ್ಟು ವರ್ಷವಾಗಿತ್ತೋ ದೇವರಿಗೇ ಗೊತ್ತು.

ಕಳೆದ ಬುಧವಾರ ನನಗೊಂದು ಜಾಣತನ ಹೊಳೆಯಿತು. ಪುಸ್ತಕದ ಅಂಚುಗಳು ಬೆವರು ಕೈಗಳಿಂದ ಮುದುರಿಹೋಗಿದ್ದವು. ಅಸಲು ಪುಸ್ತಕವನ್ನು ಪ್ರಿನ್ಸಿಪಾಲರ ಬೀರುವಿನಲ್ಲಿ ಭದ್ರವಾಗಿಟ್ಟು, ಬಣ್ಣದ ಜೆರಾಕ್ಸ್ ತೆಗೆದು, ಲ್ಯಾಮಿನೇಟ್ ಮಾಡಿಸಿ ಅದನ್ನೇ ಬಳಸಿದರೆ? ಪ್ರಿನ್ಸಿಪಾಲರು, "ಈ ಕಾಲೇಜಲ್ಲಿ ತಲೆ ಓಡಿಸೋರು ನೀವೊಬ್ರೇ ಕಣ್ರೀ" ಎಂದರು. ನಾನು ಉಬ್ಬಿಹೋದೆ. ನಮ್ಮ ಅಟೆಂಡರ್ ಜೆರಾಕ್ಸ್ ತೆಗೆದು ತಂದ. ಅವನ ನಡಿಗೆ ನೋಡಿ ಎಲ್ಲರೂ ಅವನನ್ನು ಎಕ್ಸ್‌ಪ್ರೆಸ್ ಎಂದು ಕರೆಯುತ್ತೇವೆ. ಮೇಜಿನಿಂದ ಮೇಜಿಗೆ ಒಂದು ಕಾಗದ ತಲುಪಿಸಲು ಅರ್ಧ ಗಂಟೆ ಬೇಕು. "ಮಿಷನ್ನಲ್ಲಿ ಏನೋ ಕೆಂಪು ದೀಪ ಮಿಣಮಿಣ ಅಂತಿತ್ತು ಮೇಡಂ" ಎಂದ. "ಅದು ಯಾವಾಗ್ಲೂ ಅನ್ನುತ್ತೆ ಬಿಡು" ಎಂದೆ.

ಗುರುವಾರ ಬೆಳಿಗ್ಗೆ ಲಿಫ್ಟಿನವರು ಬಂದರು. ಎರಡು ಬಸ್ ಸ್ಟಾಪಿನಾಚೆ ಒಂದು ಒಂಬತ್ತು ಮಹಡಿಯ ಹಳೇ ಕಟ್ಟಡವಿದೆ. ಅದರ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು ಹದಿನೇಳು ವರ್ಷದಿಂದ ಜನರನ್ನು ಮೇಲೆ ಕೆಳಗೆ ಸಾಗಿಸುವವರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಅಪ್ಪಿತಪ್ಪಿಯೂ ಕುರ್ಚಿಗೆ ಒರಗದ ಬೆನ್ನು. ನಾಲ್ಕು ತಿಂಗಳಲ್ಲಿ ಆ ಲಿಫ್ಟನ್ನು ಕಿತ್ತು, ಜನರೇ ಗುಂಡಿ ಒತ್ತಿಕೊಳ್ಳುವ ಹೊಸದನ್ನು ಹಾಕುತ್ತಾರಂತೆ. ಲಿಫ್ಟ್ ಕಂಪನಿಯವರು ಇವರಿಗೆ ಒಂದು ಮಾತು ಕೊಟ್ಟಿದ್ದರು: ರಿಪೇರಿ ಕೋರ್ಸಿಗೆ ಸೀಟು ಸಿಕ್ಕ ಪತ್ರ ತಂದರೆ ಕೆಲಸಕ್ಕೆ ಇಟ್ಟುಕೊಳ್ಳುತ್ತೇವೆ, ಇಲ್ಲವಾದರೆ ಇಲ್ಲ. ನಮ್ಮ ಕೋರ್ಸಿಗೆ ನಲವತ್ತು ವರ್ಷದ ಮಿತಿ. ಅವರಿಗೆ ನಲವತ್ತು ತುಂಬಲು ಎರಡೇ ತಿಂಗಳು ಬಾಕಿ ಇತ್ತು.

"ಇದೇ ಕೊನೇ ವರ್ಷ ಮೇಡಂ ನಂಗೆ" ಎಂದರು. "ಹದಿನೇಳು ವರ್ಷ ಅದರ ಹೊಟ್ಟೆಯೊಳಗೇ ಕೂತಿದ್ದೀನಿ, ಅದರ ಕರುಳು ಹೆಂಗಿದೆ ಅಂತ ಒಂದ್ಸಲನಾದ್ರೂ ನೋಡ್ಬೇಕು."

ನನಗೆ ಮನುಷ್ಯ ಹಿಡಿಸಿದರು. ಕಿಟಕಿಯ ಪಕ್ಕ ಕೂರಿಸಿ ಮೊದಲ ಪುಟ ಹಿಡಿದೆ. "ಹನ್ನೆರಡು" ಎಂದರು. ಎರಡನೆಯ ಪುಟ. ಅವರು ಮುಂದೆ ಬಗ್ಗಿದರು. ಹಿಂದೆ ಸರಿದರು. "ಇದ್ರಲ್ಲಿ ಏನೂ ಕಾಣ್ತಿಲ್ಲ ಮೇಡಂ. ಬರೀ ಚುಕ್ಕಿ."

ಮೂರು, ನಾಲ್ಕು, ಐದು. ಎಲ್ಲಕ್ಕೂ ಅದೇ ಮಾತು. ಕೊನೆಕೊನೆಗೆ ದನಿ ಎಷ್ಟು ಸಣ್ಣದಾಯಿತೆಂದರೆ ನಾನು ತುಟಿ ನೋಡಿ ಗೀಟು ಹಾಕಬೇಕಾಯಿತು. ಅವತ್ತೇ ನನಗೆ ಹೊಳೆಯಬೇಕಿತ್ತು. ಬಣ್ಣ ತಪ್ಪಾಗಿ ಕಾಣುವವರು ಎಂಟನ್ನು ಮೂರು ಅನ್ನುತ್ತಾರೆ, ಐವತ್ತೇಳನ್ನು ಮೂವತ್ತೈದು ಅನ್ನುತ್ತಾರೆ. ಹೀಗೆ ಮೊದಲನೆಯದು ಬಿಟ್ಟು ಯಾವುದರಲ್ಲೂ ಏನೂ ಇಲ್ಲ ಅನ್ನುವವರನ್ನು ನಾನು ನೋಡಿರಲಿಲ್ಲ. ಆದರೆ ಹೊರಗೆ ಬೆಂಚಿನ ತುಂಬ ಜನ, ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. 'ಅನರ್ಹ' ಎಂದು ಬರೆದೆ.

"ನನ್ನ ಕಣ್ಣು ಹಿಂಗಿದೆ ಅಂತ ಇಷ್ಟು ವರ್ಷ ಗೊತ್ತೇ ಆಗ್ಲಿಲ್ವಲ್ಲ ಮೇಡಂ" ಎಂದರು. ಜಗಳವಾಡಲಿಲ್ಲ, ಇನ್ನೊಮ್ಮೆ ತೋರಿಸಿ ಎನ್ನಲಿಲ್ಲ. ಎರಡೂ ಕೈ ಮುಗಿದು ಹೊರಟರು. ಬಾಗಿಲ ಬಳಿ ನಿಂತು ಗೋಡೆಯ ಮೇಲಿನ ಕ್ಯಾಲೆಂಡರನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದರು. ಆಮೇಲೆ ಹೋದರು.

ಅವತ್ತು, ಮಾರನೆಯ ದಿನ, ಇನ್ನೂ ಹತ್ತು ಜನರಿಗೆ ಅದೇ ಪರೀಕ್ಷೆ ಮಾಡಿದೆ. ಎಲ್ಲರೂ ಪಟಪಟನೆ ಉತ್ತರ ಹೇಳಿ ಪಾಸಾದರು. ಪಾಪ, ಲಿಫ್ಟಿನವರಿಗೊಬ್ಬರಿಗೇ ಹೀಗಾಯಿತಲ್ಲ ಎಂದು ರಾತ್ರಿ ಊಟದ ಹೊತ್ತಿಗೆ ಗಂಡನ ಹತ್ತಿರವೂ ಹೇಳಿದೆ.

ಶನಿವಾರ ಕೊನೆಯ ದಿನ. ಸಂಜೆ ಐದಕ್ಕೆ ಮೇಲಿನ ಶಿಕ್ಷಣ ಬೋರ್ಡಿಗೆ ಪ್ರವೇಶದ ಪಟ್ಟಿ ಹೋಗಬೇಕು. ಐದು ದಾಟಿ ಒಂದು ನಿಮಿಷವಾದರೂ ಅವರ ಕಂಪ್ಯೂಟರು ಬಾಗಿಲು ಹಾಕಿಕೊಳ್ಳುತ್ತದೆ, ಆಮೇಲೆ ತಲೆಕೆಳಗಾಗಿ ನಿಂತರೂ ಒಂದು ಹೆಸರು ಸೇರುವುದಿಲ್ಲ. ಮೂರೂವರೆಗೆ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಒಬ್ಬ ಹುಡುಗಿ ವೈರಿಂಗ್ ಕೋರ್ಸಿಗೆಂದು ಓಡಿಬಂದಳು. ಕೂರಿಸಿ ಪುಟ ತಿರುವತೊಡಗಿದೆ. ಹುಡುಗಿ ಮಗ್ಗಿ ಒಪ್ಪಿಸುವ ಹಾಗೆ ಅಂಕಿ ಹೇಳುತ್ತ ಹೋದಳು. ನಾನು ಗೀಟು ಹಾಕುತ್ತ ಹೋದೆ. ಪುಟಗಳು ಮುಗಿದವು. ನಾನು ಪುಸ್ತಕ ಮುಚ್ಚಿದೆ.

"ಎಪ್ಪತ್ತನಾಲ್ಕು" ಎಂದಳು ಹುಡುಗಿ, ಮುಚ್ಚಿದ ರಟ್ಟನ್ನು ನೋಡುತ್ತ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಲ್ಯಾಮಿನೇಟ್ ಮಾಡಿದ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡು, ನಾನು ತೋರಿಸಿದ್ದು ಹನ್ನೊಂದೇ ಪುಟ. ಅವಳು ಹೇಳಿದ್ದು ಹನ್ನೆರಡು ಉತ್ತರ.

"ಏನಮ್ಮಾ ಇದು? ಯಾರು ಹೇಳಿಕೊಟ್ಟಿದ್ದು?"

ಹುಡುಗಿ ಹೆಲ್ಮೆಟ್ಟಿನೊಳಗೆ ಮುಖ ಹುದುಗಿಸಿಕೊಳ್ಳುವುದೊಂದು ಬಾಕಿ. "ಹೊರಗೆ ಬೆಂಚಲ್ಲಿ ಎಲ್ರೂ ಹೇಳ್ತಾರೆ ಮೇಡಂ. ಮೊದ್ಲು ಮುಗಿಸ್ಕೊಂಡು ಬಂದೋರು ಕೂತಿರೋರಿಗೆ ಹೇಳೋದು. ನಾನು ನೋಡಿ ಹೇಳೋಣ ಅಂತಾನೇ ಇದ್ದೆ, ಆದ್ರೆ ಇದ್ರಲ್ಲಿ ಏನೂ ಕಾಣ್ಲಿಲ್ಲ. ಹೆದರಿಕೆಯಾಗಿ ಹೇಳ್ಬಿಟ್ಟೆ."

"ಕಾಣದೆ ಏನು, ಇಷ್ಟು ದಪ್ಪ ಅಂಕಿ!" ಎಂದು ಗದರಿಸಿ ಪುಸ್ತಕ ನನ್ನ ಕಡೆ ತಿರುಗಿಸಿಕೊಂಡೆ. ಎಂಟು ಇರಬೇಕಾದ ಪುಟ. ಬರೀ ಚುಕ್ಕಿ. ಮಂಕು ಹಸಿರು, ಮಂಕು ಹಳದಿ, ಕಲಸಿಹೋದ ಚುಕ್ಕಿ. ಐವತ್ತೇಳರ ಪುಟದಲ್ಲೂ ಅಷ್ಟೇ. ಅಯ್ಯೋ, ನನ್ನ ಕಣ್ಣೂ ಹೋಯಿತೇ! ಎಕ್ಸ್‌ಪ್ರೆಸ್ಸನ್ನು ಕರೆದು ತೋರಿಸಿದೆ. "ಏನಿದೆ ಮೇಡಂ ಇದ್ರಲ್ಲಿ, ಹೆಸರುಕಾಳು ಚೆಲ್ಲಿದ ಹಾಗಿದೆ" ಎಂದ. ಆಗ ನನ್ನ ತಲೆಯಲ್ಲಿ ಆ ಕೆಂಪು ದೀಪ ಮಿಣಮಿಣ ಅಂದಿತು. ಮಿಷನ್ನಿನಲ್ಲಿ ಕೆಂಪು ಬಣ್ಣ ಮುಗಿದಿತ್ತು. ಮೊದಲ ಪುಟದ ಹನ್ನೆರಡು ಮಾತ್ರ ಕಪ್ಪು ಬಿಳುಪಿನಲ್ಲೂ ಕಾಣುವಂಥದ್ದು. ಉಳಿದದ್ದರಲ್ಲಿ ಅಂಕಿ ಅನ್ನುವುದೇ ಇರಲಿಲ್ಲ.

ಅಂದರೆ ಎರಡು ದಿನದಲ್ಲಿ ನಾನು ಪರೀಕ್ಷೆ ಮಾಡಿದ ಹನ್ನೊಂದು ಜನರಲ್ಲಿ ಹತ್ತು ಜನ ಇಲ್ಲದ ಅಂಕಿಯನ್ನು ಇದೆ ಎಂದು ಪಾಸಾಗಿದ್ದರು. ಇಲ್ಲದ್ದನ್ನು ಇಲ್ಲ ಎಂದ ಒಬ್ಬರನ್ನು ನಾನು ಫೇಲ್ ಮಾಡಿ ಕಳಿಸಿದ್ದೆ.

ಪ್ರಿನ್ಸಿಪಾಲರ ಕೋಣೆಗೆ ನುಗ್ಗಿ ಎಲ್ಲ ಹೇಳಿದೆ. ಅವರು ಜೆರಾಕ್ಸನ್ನು ಕನ್ನಡಕ ಹಾಕಿ ನೋಡಿದರು, ಕನ್ನಡಕ ತೆಗೆದು ನೋಡಿದರು. ನನ್ನ ತಲೆ ಓಡಿಸುವ ವಿಚಾರವನ್ನು ಈ ಸಲ ಎತ್ತಲಿಲ್ಲ. ಬೀರು ತೆಗೆದು ಅಸಲು ಪುಸ್ತಕ ಕೊಟ್ಟರು.

"ಸೇರಿರೋರನ್ನ, ಆ ಹುಡುಗೀನೂ ಸೇರಿಸಿ, ಕ್ಲಾಸ್ ಶುರುವಾದ್ಮೇಲೂ ಕೂರಿಸಿ ನೋಡ್ಬಹುದು. ಸೇರದೇ ಹೋದೋರನ್ನ ಏನ್ರೀ ಮಾಡ್ತೀರಾ? ಐದಕ್ಕೆ ಐದು ನಿಮಿಷ ಇರೋವರೆಗೂ ಕಾಯ್ತೀನಿ. ನಿಮ್ಮ ಸಹಿ, ಇನ್ನೊಬ್ಬ ಸಿಬ್ಬಂದಿ ಸಹಿ, ಎರಡೂ ಇರ್ಬೇಕು."

ಅರ್ಜಿಯಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಎತ್ತಿದ್ದು ಲಿಫ್ಟಿನವರ ಹೆಂಡತಿ. ಕಾಲೇಜು ಎಂದದ್ದೇ ತಡ, "ಓ, ನೀವೇನಾ ನಮ್ಮನೆಯವ್ರ ಕಣ್ಣು ಸರಿಯಿಲ್ಲ ಅಂದೋರು?" ಎಂದಳು. ನಾನು ಬಾಯಿ ತೆರೆಯುವುದರೊಳಗೆ ಶುರುವಾಯಿತು. "ಎರಡು ದಿನದಿಂದ ಅನ್ನ ನೀರು ಸರಿಯಾಗಿ ಇಳೀತಿಲ್ಲ ಆ ಮನುಷ್ಯಂಗೆ. ರಸ್ತೆ ದಾಟೋಕೆ ಸಿಗ್ನಲ್ ನೋಡಲ್ವಂತೆ, ಪಕ್ಕದೋರು ದಾಟಿದ್ರೆ ಹಿಂದೆ ಹೋಗ್ತಾರಂತೆ. ನಾನು ಬಟ್ಟೆ ಕ್ಲಿಪ್ಪೆಲ್ಲ ತಂದು ಮುಂದೆ ಸುರಿದು ಒಂದೊಂದಾಗಿ ಕೇಳ್ದೆ. ಎಲ್ಲಾ ಬಣ್ಣ ಸರಿಯಾಗೇ ಹೇಳಿದ್ರು. ಆದ್ರೂ ಕಾಲೇಜಿನ ಪುಸ್ತಕ ಸುಳ್ಳು ಹೇಳುತ್ತಾ ಅಂತ ನನ್ನನ್ನೇ ಕೇಳ್ತಾರೆ!"

"ಪುಸ್ತಕ ಸುಳ್ಳು ಹೇಳ್ತಮ್ಮಾ" ಎಂದೆ. "ತಪ್ಪು ನಂದೇ. ಈಗ ಅವ್ರು ಬೇಕು, ತಕ್ಷಣ."

"ಆರು ಗಂಟೆವರ್ಗೂ ಡ್ಯೂಟಿ. ಲಿಫ್ಟೊಳಗೆ ಫೋನ್ ಹಿಡಿಯಲ್ಲ. ನೀವೇ ಹೋಗಿ. ಓಡಿ!" ಎಂದಳು.

ಎಕ್ಸ್‌ಪ್ರೆಸ್ಸನ್ನು ಎರಡನೆಯ ಸಹಿಗೆಂದು ಕರೆದುಕೊಂಡು ಓಡಿದೆ. ಅವತ್ತು ಅವನೂ ಓಡಿದ, ನಾನು ಕಣ್ಣಾರೆ ಕಂಡೆ. ಬಸ್ಸಿಗೆ ಕಾದರೆ ಕೆಟ್ಟೆವು ಎಂದು ನಡೆದೇ ಹೊರಟೆವು. ಚಿಂತೆ ಎರಡಿತ್ತು. ಅವರು ಸಿಗುತ್ತಾರೋ ಇಲ್ಲವೋ ಅನ್ನುವುದು ಒಂದು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು: ನಕಲು ಕೆಟ್ಟಿತ್ತು, ಸರಿ, ಆದರೆ ಅವರ ಕಣ್ಣೂ ನಿಜವಾಗಿ ಕೆಟ್ಟಿದ್ದರೆ? ಆಸೆ ಹುಟ್ಟಿಸಿ ಎರಡನೇ ಸಲ ಅನರ್ಹ ಅನ್ನಬೇಕಾದರೆ? ಅದಕ್ಕಿಂತ ಹೋಗದೇ ಇರುವುದೇ ವಾಸಿಯಲ್ಲವೇ ಎಂದು ಸಿಗ್ನಲ್ಲಿನ ಬಳಿ ಒಂದು ಗಳಿಗೆ ಅನ್ನಿಸಿದ್ದೂ ನಿಜ.

ಕಟ್ಟಡ ತಲುಪಿದಾಗ ನಾಲ್ಕು ಇಪ್ಪತ್ತು. ಲಿಫ್ಟಿನ ಮುಂದೆ ಸಾಲು. ಬಾಗಿಲು ತೆರೆದಾಗ ಅವರು ಸ್ಟೂಲಿನ ಮೇಲೆ ಕೂತಿದ್ದರು, ಮೊನ್ನೆಯಂತೆಯೇ ನೆಟ್ಟಗೆ. ನನ್ನನ್ನು ಕಂಡು ಎದ್ದು ನಿಂತರು. ಜನರ ನಡುವೆ ನುಗ್ಗಿ ಒಳಗೆ ಹೋಗಿ, ಉಸಿರು ಬಿಗಿಹಿಡಿದು ಹೇಳಿದೆ. ಇನ್ನೊಮ್ಮೆ ಪರೀಕ್ಷೆ ಮಾಡಬೇಕು, ಕಿಟಕಿಯ ಬೆಳಕು ಬೇಕು, ಈಗಲೇ.

"ಲಿಫ್ಟ್ ಬಿಟ್ಟು ಬರೋ ಹಾಗಿಲ್ವಲ್ಲ ಮೇಡಂ" ಎಂದರು.

"ಕೆಟ್ಟಿದೆ ಅಂತ ಬೋರ್ಡ್ ಹಾಕಿಬಿಡಿ ಹತ್ತು ನಿಮಿಷ" ಎಂದ ಎಕ್ಸ್‌ಪ್ರೆಸ್.

"ಕೆಟ್ಟಿಲ್ವಲ್ಲ" ಎಂದರು ಲಿಫ್ಟಿನವರು, ಅಷ್ಟೇ ಸಹಜವಾಗಿ.

ಕೊನೆಗೆ ಅವರೇ ದಾರಿ ಹುಡುಕಿದರು. ಒಂಬತ್ತನೇ ಮಹಡಿಯಲ್ಲಿ ಲಿಫ್ಟಿನ ಎದುರಿಗೇ ದೊಡ್ಡ ಕಿಟಕಿ ಇದೆಯಂತೆ. ಎಲ್ಲರನ್ನೂ ಅವರವರ ಮಹಡಿಗೆ ಇಳಿಸುತ್ತ ಹೋದರು. ಇಳಿಯುವ ಬದಲು ನಾಲ್ಕು ಜನ ತಮಾಷೆ ನೋಡಲು ನಮ್ಮ ಜೊತೆಗೇ ಮೇಲೆ ಬಂದರು. ಅವರಲ್ಲೊಬ್ಬ ದಪ್ಪ ವಕೀಲರು, "ಅದಕ್ಕೇನಾ ಇವ್ರು ಎರಡು ದಿನದಿಂದ ನನ್ನ ಟೈ ಯಾವ ಬಣ್ಣ, ಬ್ಯಾಗ್ ಯಾವ ಬಣ್ಣ ಅಂತ ಕೇಳ್ತಿರೋದು! ನಾನು ತಲೆ ಕೆಟ್ಟಿದೆ ಅಂದ್ಕೊಂಡೆ" ಎಂದರು. ಲಿಫ್ಟಿನವರು ನೆಲ ನೋಡಿದರು.

ಮೇಲೆ ಬೆಳಕು ಚೆನ್ನಾಗಿತ್ತು. ಲಿಫ್ಟಿನವರು ಒಂದು ಕಾಲನ್ನು ಲಿಫ್ಟಿನ ಬಾಗಿಲಿಗೆ ಅಡ್ಡ ಕೊಟ್ಟು, ಇನ್ನೊಂದು ಕಾಲನ್ನು ಹೊರಗಿಟ್ಟು ನಿಂತರು. ನಾನು ಅಸಲು ಪುಸ್ತಕವನ್ನು ಈ ಸಲ ನನ್ನ ಕಣ್ಣಿಂದಲೇ ಒಂದೊಂದು ಪುಟ ನೋಡಿಕೊಂಡೆ. ಅಂಕಿಗಳು ಕೂಗಿ ಕರೆಯುವ ಹಾಗೆ ಕಾಣುತ್ತಿದ್ದವು. ಬೆಂಚಿನ ಪಾಠದ ಗೊಡವೆಯೇ ಬೇಡವೆಂದು ಪುಟಗಳನ್ನು ಹಿಂದುಮುಂದು ಮಾಡಿ ಹಿಡಿದೆ.

ಮೊದಲು ಹಿಡಿದದ್ದು ಐದನೆಯ ಪುಟ. ಅವರು ನೋಡಿದರು. ಬಾಯಿ ತೆರೆದರು, ಮುಚ್ಚಿದರು.

"ನಲವತ್ತೈದು... ಅಲ್ವಾ ಮೇಡಂ?"

"ಅಲ್ವಾ ಅನ್ಬಾರ್ದು. ಕಂಡಿದ್ದು ಹೇಳಿ" ಎಂದೆ. ಗೀಟು ಹಾಕಿ ಮುಂದಿನದನ್ನು ಹಿಡಿದೆ.

"ಎಂಟು. ಎಪ್ಪತ್ತನಾಲ್ಕು. ಆರು." ವಕೀಲರು ಹಿಂದಿನಿಂದ "ಶಹಬ್ಬಾಸ್" ಎಂದರು, ನಾನು ಸುಮ್ಮನಿರಿ ಎಂದು ಕಣ್ಣು ಬಿಟ್ಟೆ. ಕೆಳಗಿನ ಮಹಡಿಗಳಿಂದ ಗಂಟೆ ಬಡಿಯುತ್ತಲೇ ಇತ್ತು. "ಮೂರು. ಐವತ್ತೇಳು." ಹೇಳುತ್ತ ಹೇಳುತ್ತ ಅವರ ಭುಜ ಮೇಲೇರಿತು. ಹನ್ನೊಂದು ಪುಟ, ಹನ್ನೊಂದೂ ಸರಿ. ಉಳಿದದ್ದು ಒಂದು.

ಆ ಪುಟ ಹಿಡಿದೆ. ಅವರು ನೋಡಿದರು. ಮುಂದೆ ಬಗ್ಗಿದರು, ಹಿಂದೆ ಸರಿದರು, ಥೇಟ್ ಗುರುವಾರದ ಹಾಗೆ. ಮುಖದ ಕಳೆ ಇಳಿದುಹೋಯಿತು. ಅಲ್ಲಿದ್ದ ನಾಲ್ಕು ಜನರೂ ಕತ್ತು ಚಾಚಿ ನೋಡಿ ಕಣ್ಣುಜ್ಜಿಕೊಂಡರು.

"ಏನೂ ಇಲ್ಲ ಮೇಡಂ" ಎಂದರು ಲಿಫ್ಟಿನವರು. "ಸುಳ್ಳು ಹೇಳಲಾರೆ. ಇದ್ರಲ್ಲಿ ನಂಗೆ ಏನೂ ಕಾಣ್ತಿಲ್ಲ."

"ಅದೇ ಉತ್ತರ!" ಎಂದು ನಾನು ಕಿರುಚಿದೆ. ಪುಸ್ತಕ ಬರೆದವರು ಬೇಕೆಂದೇ ಇಟ್ಟ ಪುಟ ಅದು. ಬಣ್ಣ ತಪ್ಪಾಗಿ ಕಾಣುವವರಿಗೆ ಮಾತ್ರ ಅದರಲ್ಲಿ ಅಂಕಿ ಕಾಣುತ್ತದೆ. ಕಣ್ಣು ಸರಿಯಿರುವವರಿಗೆ ಏನೂ ಕಾಣಬಾರದು. "ನಿಮ್ಮ ಕಣ್ಣು ಚಿನ್ನದಂಥಾ ಕಣ್ಣು. ಕೆಟ್ಟಿದ್ದು ನಮ್ಮ ಜೆರಾಕ್ಸು. ಅದನ್ನ ನೋಡದೇ ನಿಮ್ಮನ್ನ ವಾಪಸ್ ಕಳ್ಸಿದೋಳು ನಾನು."

ಅಟೆಂಡರನ ಬೆನ್ನ ಮೇಲೆಯೇ ಅರ್ಜಿಯಿಟ್ಟು 'ಅನರ್ಹ' ಹೊಡೆದು 'ಅರ್ಹ' ಎಂದು ಬರೆದೆ, ಅವನಿಂದಲೂ ಸಹಿ ಹಾಕಿಸಿದೆ. ಕಿಟಕಿಯಿಂದ ಕೈ ಹೊರಗೆ ಚಾಚಿ ಫೋನಿಗೆ ಸಿಗ್ನಲ್ ಹಿಡಿದು ಪ್ರಿನ್ಸಿಪಾಲರಿಗೆ ಅರ್ಜಿಯ ಚಿತ್ರ ಕಳಿಸಿದೆ. ನಾಲ್ಕು ಐವತ್ತೊಂದಕ್ಕೆ ಉತ್ತರ ಬಂತು: ಹೆಸರು ಸೇರಿಸಿದೆ, ಪಟ್ಟಿ ಹೋಯಿತು, ನೀವು ಉಸಿರಾಡಬಹುದು. ಹೌದಲ್ಲ, ಅಲ್ಲಿಯವರೆಗೂ ನಾನು ಸರಿಯಾಗಿ ಉಸಿರಾಡಿರಲಿಲ್ಲ. ವಕೀಲರು ಚಪ್ಪಾಳೆ ತಟ್ಟಿದರು. ನಾನು ಹೋಗಿ ಲಿಫ್ಟಿನ ಸ್ಟೂಲಿನ ಮೇಲೆಯೇ ಕೂತುಬಿಟ್ಟೆ. ಹಾಗೆ ಕೂತೇ ಕೆಳಗಿಳಿದೆವು.

ಆರನೇ ಮಹಡಿ ದಾಟುವಾಗ ಲಿಫ್ಟಿನವರಿಗೆ ಏನೋ ನೆನಪಾಗಿ ನಕ್ಕರು. "ಓಹೋ, ಅದು ಹತ್ತನೇದು! 'ಹತ್ತನೇದಕ್ಕೆ ಏನೂ ಇಲ್ಲ ಅನ್ಬೇಕು' ಅಂದಿದ್ರು. ಗಾಬರೀಲಿ ಮರ್ತೇ ಹೋಯ್ತು."

"ಯಾರು ಅಂದಿದ್ರು?"

"ಅವತ್ತು ಬೆಂಚಲ್ಲಿ ಹುಡುಗ್ರು ಹೇಳ್ಕೊಟ್ಟಿದ್ರಲ್ಲ. ಹನ್ನೆರಡು, ಎಂಟು, ಐವತ್ತೇಳು, ಮೂರು..." ಎಂದು ಅವರು ಹನ್ನೆರಡನ್ನೂ ಸಾಲಾಗಿ ಒಪ್ಪಿಸಿದರು. ಒಂದೂ ತಪ್ಪಲಿಲ್ಲ.

ನಾನು ಸ್ಟೂಲಿನಿಂದ ಎದ್ದೆ. "ಗುರುವಾರನೇ ಇದೆಲ್ಲ ಗೊತ್ತಿತ್ತಾ ನಿಮಗೆ? ಗೊತ್ತಿದ್ದೂ ಕಾಣ್ತಿಲ್ಲ ಅಂದ್ರಾ? ಕೊನೇ ವರ್ಷ ಅಂತ ಬೇರೆ ಹೇಳಿದ್ರಿ!"

"ಏನ್ ಮಾಡ್ಲಿ ಮೇಡಂ." ನಾಲ್ಕನೇ ಮಹಡಿಯಲ್ಲಿ ನಿಲ್ಲಿಸಿ, ಒಬ್ಬ ವಯಸ್ಸಾದ ಹೆಂಗಸು ಒಳಗೆ ಬರುವವರೆಗೂ ಬಾಗಿಲು ಹಿಡಿದುಕೊಂಡರು. ಆಕೆ ಗೋಡೆಯ ಕಂಬಿ ಹಿಡಿದು ಸರಿಯಾಗಿ ನಿಂತ ಮೇಲೆಯೇ ಬಾಗಿಲು ಎಳೆದರು. "ನಾಳೆ ನಾನು ಬಣ್ಣ ಕಾಣದೆ ಒಂದು ವೈರು ತಪ್ಪಾಗಿ ಸೇರಿಸಿದ್ರೆ, ಒಳಗೆ ಇವ್ರು ನಿಂತಿರ್ತಾರಲ್ಲ."

ಹದಿನಾಲ್ಕು ವರ್ಷದಲ್ಲಿ ನಾನು ಅರ್ಹ ಎಂದು ಬರೆದ ಸಾವಿರಾರು ಅರ್ಜಿಗಳಲ್ಲಿ ಇದೊಂದನ್ನು ಕಳೆದುಕೊಳ್ಳುತ್ತಿದ್ದೆನಲ್ಲ ಎಂದು ಮೈ ಝುಮ್ಮೆಂದಿತು. ಕಳೆದುಕೊಳ್ಳಲಿಲ್ಲವಲ್ಲ ಎಂದು ಅದರ ಹಿಂದೆಯೇ ಎದೆ ಹಗುರವಾಯಿತು.

ಕೆಳಗಿಳಿದಾಗ ಐದು ಗಂಟೆ. ಸಾಲಿನಲ್ಲಿ ಕಾದವರು ಗೊಣಗಿದರು. ಲಿಫ್ಟಿನವರು ಅವರ ಕಡೆ ಕೈ ಮುಗಿದು, "ಒಂದೇ ನಿಮಿಷ, ಮನೆಗೊಂದು ಫೋನು" ಎಂದು ನನ್ನ ಫೋನು ಇಸಿದುಕೊಂಡು ಬಾಗಿಲಾಚೆ ಎರಡು ಹೆಜ್ಜೆ ಹೋದರು.

"ಸೀಟು ಸಿಕ್ತು ಕಣೇ" ಎಂದರು. "ಕಣ್ಣೂ ಸರಿಯಿದೆಯಂತೆ."

ಆ ಕಡೆಯಿಂದ ಬೈಗುಳ ಶುರುವಾಯಿತು. ಪೂರ್ತಿ ಸಾಲಿಗೇ ಕೇಳುವಷ್ಟು ಜೋರು. ಅವರು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು, ಕಣ್ಣೊರೆಸಿಕೊಳ್ಳುತ್ತ, ಹೂಂ ಹೂಂ ಅನ್ನುತ್ತ, ಅದನ್ನು ಕೊನೆಯವರೆಗೂ ಕೇಳಿಸಿಕೊಂಡರು.